ಲಾರಿಯ ಎಂಜಿನ್ ಕೆಟ್ಟರೆ ನಷ್ಟ ಯಾರದು?



ಕಳೆದ ಮಳೆಗಾಲಕ್ಕೆ ಮುನ್ನ ಮಂಗಳೂರಿನಿಂದ ಸಂಘದ ಗೊಬ್ಬರ ತರುತ್ತಿದ್ದ ಲಾರಿಯ ಮಾಲೀಕರು ನೆಲ್ಯಾಡಿಯಿಂದ ನನಗೆ ಫೋನು ಮಾಡಿದರು. ಅವರೇ ಚಾಲಕರೂ ಹೌದು. "ಸಾರ್, ಎಂಜಿನ್ ವಿಪರೀತ ಬಿಸಿಯಾಗಿದೆ, ಮುಳ್ಳು ಕೆಂಪಿಗೆ ಬಂದಿದೆ" ಎಂದರು. ಇತ್ತ ಗೋದಾಮಿನ ಮುಂದೆ ಸದಸ್ಯರು ಕಾದಿದ್ದರು. "ಹೇಗಾದರೂ ಮಾಡಿ ಬಂದುಬಿಡಿ" ಎಂದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಏರುವಾಗ ಎಂಜಿನ್ ಸೀಜ್ ಆಯಿತು.

ಆ ಮಾತನ್ನು ನಾನು ಆಡಬಾರದಿತ್ತು. ಆಗಲೇ ನಿಲ್ಲಿಸಿದ್ದರೆ ಹೆಡ್ ಗ್ಯಾಸ್ಕೆಟ್ ಬದಲಿಸುವುದರಲ್ಲಿ ಮುಗಿಯಬಹುದಿತ್ತು. ಓಡಿಸಿದ್ದರಿಂದ ಪಿಸ್ಟನ್, ಲೈನರ್, ಕ್ರ್ಯಾಂಕ್ ಎಲ್ಲವೂ ಹೋದವು. ಸಾಮಾನ್ಯ ವಾಹನ ವಿಮೆ ಅಪಘಾತಕ್ಕೆ ಉಂಟು, ಇಂಥ ಕೆಡುಕಿಗೆ ಇಲ್ಲ. ಲಾರಿ ಶೆಡ್ಡಿನಲ್ಲಿದ್ದರೂ ಬ್ಯಾಂಕಿನ ಕಂತು ನಿಲ್ಲದು.

ಲಾರಿ ಇಟ್ಟಿರುವ ಸದಸ್ಯರು ಗಮನಿಸಬೇಕು: ಮುಳ್ಳು ಏರಿದೊಡನೆ ಬದಿಗೆ ನಿಲ್ಲಿಸಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ತಣ್ಣೀರು ಸುರಿಯಬೇಡಿ. ಹೆಡ್ ಬಿರುಕು ಬಿಟ್ಟೀತು. ಆರಿದ ಮೇಲೆ ಆಯಿಲ್ ಕಡ್ಡಿ ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ ಎಂದರ್ಥ. ಮತ್ತೆ ಸ್ಟಾರ್ಟ್ ಮಾಡಲೇಬೇಡಿ.

ಆದರೆ ಎಚ್ಚರಿಕೆ ಚಾಲಕರದು ಮಾತ್ರವಲ್ಲ. ದಾರಿಯಲ್ಲಿ ಕೆಟ್ಟ ಲಾರಿಯ ಮಾಲನ್ನು ಬೇರೆ ಲಾರಿಗೆ ಏರಿಸುವ ಹೊಣೆ ಸಂಘದ್ದಾಗಲಿ. ತಡವಾಯಿತೆಂದು ಬಾಡಿಗೆ ಕಡಿತ ಬೇಡ. ಮಾಲೀಕರು ಒಪ್ಪಿದರೆ ಪ್ರತಿ ಟ್ರಿಪ್ಪಿನ ಬಾಡಿಗೆಯಲ್ಲಿ ಅಲ್ಪ ಭಾಗವನ್ನು ಅವರ ಹೆಸರಿನಲ್ಲೇ ರಿಪೇರಿ ಠೇವಣಿಯಾಗಿ ಇಡೋಣ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಮಂಡಿಸುವೆ. ನಮ್ಮ ಅವಸರಕ್ಕೆ ಒಬ್ಬರ ಅನ್ನದ ದಾರಿ ಮುಚ್ಚಬಾರದು.

— ಕಾರ್ಯದರ್ಶಿ