ಸ್ಟೆಂಟ್ ಬದಲಿಸುವ ತಾರೀಖನ್ನು ಚೀಟಿಯಲ್ಲಿ ಬರೆದುಕೊಡಿ

ಗೆ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಹಾಗೂ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಬೆಂಗಳೂರು.

ಮಾನ್ಯರೇ,

ನಮ್ಮ ಹಳ್ಳಿಖೇಡ (ಬಿ)ಯಲ್ಲಿ ಸ್ಟೆಂಟ್ ಅಂದರೆ ಹೃದಯದ್ದೇ ಎಂದು ಲೆಕ್ಕ. ನಮ್ಮ ಕಾಕಾನಿಗೆ ಹಾಕಿರುವುದು ಪಿತ್ತನಾಳದಲ್ಲಿ. ಮೇದೋಜ್ಜೀರಕ ಗ್ರಂಥಿಯ ತಲೆಭಾಗದ ಕ್ಯಾನ್ಸರ್ ಗಡ್ಡೆ ನಾಳವನ್ನು ಒತ್ತಿ ಮುಚ್ಚಿತ್ತು. ಆಪರೇಷನ್ ಮಾಡುವ ಹಂತ ದಾಟಿದೆ ಎಂದರು. ಕಣ್ಣು ಹಳದಿ, ಮೂತ್ರ ಕಂದು, ಮಲ ಬಿಳಿಚು. ತುರಿಕೆಗೆ ರಾತ್ರಿ ನಿದ್ದೆಯೇ ಇಲ್ಲ. ಕಾಮಣಿ ಅಂದರೆ ನಾಟಿ ಔಷಧಿಯೇ ಮೊದಲು ನೆನಪಾಗುವ ಸೀಮೆ ನಮ್ಮದು. ವಯಸ್ಸಾದವರಿಗೆ ನೋವಿಲ್ಲದೆ ಏರುವ ಕಾಮಣಿಗೆ ಕೂಡಲೇ ಸ್ಕ್ಯಾನ್ ಮಾಡಿಸಬೇಕು ಎಂಬ ಒಂದು ಸಾಲು ಯಾವ ದವಾಖಾನೆಯ ಗೋಡೆಯ ಮೇಲೂ ನನಗೆ ಕಂಡಿಲ್ಲ.

ಬಾಯಿಯಿಂದ ದುರ್ಬೀನು ಇಳಿಸಿ, ಪಿತ್ತನಾಳ ಸಣ್ಣ ಕರುಳಿಗೆ ತೆರೆಯುವಲ್ಲಿ ತಂತಿ ತೂರಿಸಿ, ಎಕ್ಸ್-ರೇ ನೋಡುತ್ತ ಸ್ಟೆಂಟ್ ಕೂರಿಸುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಹ್ಯಾಂಬರ್ಗಿನ ವೈದ್ಯ ನಿಬ್ ಸೋಹೆಂದ್ರ 1980ರಲ್ಲೇ ಪ್ರಕಟಿಸಿದ ವಿಧಾನ ಇದು. ಕ್ಯಾನ್ಸರ್ ಇದರಿಂದ ಹೋಗುವುದಿಲ್ಲ, ನಮಗದು ಗೊತ್ತು. ಆದರೆ ತುರಿಕೆ ನಿಂತಿತು, ಕಾಕಾ ಮತ್ತೆ ರೊಟ್ಟಿ ಕೇಳಿದರು. ಉಳಿದ ದಿನಗಳಿಗೆ ಅದು ಸಣ್ಣ ಲಾಭವಲ್ಲ.

ನನ್ನ ತಕರಾರು ಆಮೇಲಿನದು. ಪ್ಲಾಸ್ಟಿಕ್ ಸ್ಟೆಂಟ್ ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನಲ್ಲಿ ಪಿತ್ತದ ಕೆಸರು, ಬ್ಯಾಕ್ಟೀರಿಯಾ ಸೇರಿ ಕಟ್ಟಿಕೊಳ್ಳುತ್ತದೆ. ಲೋಹದ್ದು ಅಗಲವಾಗಿ ಅರಳುತ್ತದೆ, ಹೆಚ್ಚು ಕಾಲ ಬಾಳುತ್ತದೆ, ದುಬಾರಿ. ನಮಗೆ ಕೊಟ್ಟ ಡಿಸ್ಚಾರ್ಜ್ ಚೀಟಿಯಲ್ಲಿ 'ಸ್ಟೆಂಟ್ ಹಾಕಲಾಗಿದೆ' ಎಂದಷ್ಟೇ ಇತ್ತು. ಯಾವುದು ಹಾಕಿದ್ದು, ಯಾವಾಗ ಬದಲಿಸಬೇಕು, ಚಳಿ ನಡುಗಿ ಜ್ವರ ಬಂದರೆ ಏನರ್ಥ, ಒಂದೂ ಇರಲಿಲ್ಲ. ಜ್ವರ ಬಂದಾಗ ಇಲ್ಲಿಯ ಡಾಕ್ಟರು ಮಲೇರಿಯಾ ಇರಬಹುದೆಂದು ಸೂಜಿ ಹಾಕಿದರು. ಚೀಟಿಯೇ ಹೇಳದ್ದನ್ನು ಅವರಾದರೂ ಹೇಗೆ ಊಹಿಸಬೇಕು? ಸ್ಟೆಂಟ್ ಮುಚ್ಚಿ ಪಿತ್ತನಾಳದಲ್ಲಿ ಸೋಂಕು ಹರಡಿತ್ತು.

ಆಗ ಮತ್ತೆ ಶಿಫಾರಸು ಪತ್ರದ ಅಲೆದಾಟ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ, ಸಂತೋಷ. ಆದರೆ ಮುಚ್ಚೇ ಮುಚ್ಚುವ ಸ್ಟೆಂಟಿಗೆ ಪ್ರತಿ ಸಲವೂ ಹೊಸ ರೋಗಿಯಂತೆ ಪಾಳಿ ಹಚ್ಚಬೇಕೇ? ಮೊದಲ ಶಿಫಾರಸಿನಲ್ಲೇ ಮುಂದಿನ ಬದಲಾವಣೆಗೂ ಒಪ್ಪಿಗೆ ಸೇರಿಸಿ. ಸ್ಟೆಂಟಿನ ಬಗೆ, ಬದಲಿಸುವ ತಾರೀಖು, ಅಪಾಯದ ಲಕ್ಷಣ, ಫೋನ್ ನಂಬರು ಇವನ್ನು ಕನ್ನಡದಲ್ಲಿ ಬರೆದುಕೊಡುವುದನ್ನು ಕಡ್ಡಾಯ ಮಾಡಿ. ಇದಕ್ಕೆ ಬಜೆಟ್ ಬೇಕಿಲ್ಲ, ಪೆನ್ನು ಸಾಕು.

ಬೀದರಿನ ಬ್ರಿಮ್ಸ್, ಕಲಬುರಗಿಯ ಕಿದ್ವಾಯಿ ಶಾಖೆ ಸೇರಿ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ವಾರ ಇ.ಆರ್.ಸಿ.ಪಿ. (ಮೇಲೆ ಹೇಳಿದ ದುರ್ಬೀನಿನ ಚಿಕಿತ್ಸೆ) ಆಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬ ಫಲಕ ಪ್ರತಿ ತಾಲ್ಲೂಕಿನ ದವಾಖಾನೆಯಲ್ಲಿರಲಿ. ಇಲ್ಲಿಂದ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ಅಲ್ಲಿ ಆಯುಷ್ಮಾನ್ ಕಾರ್ಡ್ ಎಲ್ಲೆಲ್ಲಿ ನಡೆಯುತ್ತದೆ ಎಂಬುದನ್ನೂ ಬರೆಸಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷ ಮೀರಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕಟ್ಟಡಗಳಂತೂ ಏಳುತ್ತಿವೆ. ದುರ್ಬೀನಿಗೂ ಅದನ್ನು ಬಳಸಬಲ್ಲ ವೈದ್ಯರಿಗೂ ಅದರಲ್ಲಿ ಪಾಲಿರಲಿ.

ಕಾಕಾನ ಸ್ಟೆಂಟ್ ಬದಲಿಸುವ ಸಮಯ ಮತ್ತೆ ಹತ್ತಿರ ಬಂದಿದೆ. ಅದಕ್ಕೂ ಮೊದಲು ತಮ್ಮ ಉತ್ತರ ಬರಲಿ.

ಇತಿ,
ಹಳ್ಳಿಖೇಡ (ಬಿ)ಯ ಒಬ್ಬ ನಿವಾಸಿ,
ಬೀದರ್ ಜಿಲ್ಲೆ