ಕುರ್ಚಿ ನಮ್ಮದು, ತೀರ್ಮಾನ ಯಾರದು?



ಚಾಮರಾಜನಗರದ ಹಾಸ್ಟೆಲಿನಲ್ಲಿ ನಾವು ಅಧಿಕಾರ ಅಂತ ಬಾಯಿಬಿಟ್ಟರೆ ಸಾಕು, ಯಾರಾದರೊಬ್ಬರು ಹೇಳೇ ಹೇಳ್ತಾರೆ: 'ನಿಮ್ಮವರು ಗವರ್ನರೇ ಆಗಿದ್ದರಲ್ಲ, ಇನ್ನೇನು ಬೇಕು?'

ನಿಜ. ಆಲೂರಿನ ಬಿ. ರಾಚಯ್ಯನವರು 1990ರ ಫೆಬ್ರವರಿಯಲ್ಲಿ ಹಿಮಾಚಲ ಪ್ರದೇಶದ ರಾಜ್ಯಪಾಲರಾದರು. ಅದೇ ಡಿಸೆಂಬರಿನಲ್ಲಿ ಕೇರಳಕ್ಕೆ ಹೋಗಿ 1995ರ ತನಕ ಇದ್ದರು. ನಮ್ಮ ಅಪ್ಪಂದಿರು ಊರ ಯಜಮಾನರ ಜಗುಲಿ ಹತ್ತದೆ ಅಂಗಳದಲ್ಲೇ ನಿಂತು 'ಬುದ್ಧೀ' ಅಂದವರು. ಅಂಥ ಕೇರಿಯಿಂದ ಒಬ್ಬರು ರಾಜಭವನಕ್ಕೆ ಹೋದದ್ದು ಸಣ್ಣ ಮಾತಲ್ಲ. ಹೆಮ್ಮೆಪಡೋದಕ್ಕೆ ನಮಗೆ ಯಾರ ಅಪ್ಪಣೆಯೂ ಬೇಡ.

ಆದರೆ ಗವರ್ನರ್ ಅಂದರೆ ಏನು? ಅದೇ 1990ರ ಜನವರಿಯಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ಡಗ್ಲಸ್ ವೈಲ್ಡರ್ ಗವರ್ನರ್ ಆದರು. ಕಪ್ಪು ಜನಾಂಗದವರು. ಅವರ ಅಜ್ಜ ಅಜ್ಜಿ ಗುಲಾಮರಾಗಿದ್ದವರು. ಆ ರಾಜ್ಯದ ಸೆನೆಟ್ಟಿನಲ್ಲಿ 16 ವರ್ಷ ಕೂತು, ಉಪ ಗವರ್ನರ್ ಆಗಿ, ಕೊನೆಗೆ ಏಳು ಸಾವಿರಕ್ಕೂ ಕಮ್ಮಿ ವೋಟಿನ ಅಂತರದಲ್ಲಿ ಗೆದ್ದರು. ಬಿಳಿಯರ ವೋಟೂ ಬಿತ್ತು. ಬಜೆಟ್ಟು ಮಂಡಿಸೋದು, ಮಸೂದೆ ತಡೆಯೋದು ಎಲ್ಲಾ ಅವರದೇ ಕೈ.

ನಮ್ಮಲ್ಲಿ ಹೆಸರು ಅದೇ, ಕೆಲಸ ಬೇರೆ. ದೆಹಲಿ ನೇಮಿಸುತ್ತೆ, ದೆಹಲಿಯೇ ಎತ್ತಂಗಡಿ ಮಾಡುತ್ತೆ. ರಾಚಯ್ಯನವರಿಗೆ ಶಿಮ್ಲಾದಲ್ಲಿ ಒಂದು ವರ್ಷವೂ ತುಂಬಲಿಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಸಿಗುವ ಕೇರಳದಲ್ಲಿ ಸರ್ಕಾರ ನಡೆದದ್ದು ಅವರ ಹೆಸರಲ್ಲಿ. ತೀರ್ಮಾನ ಮಾತ್ರ ಮಂತ್ರಿಮಂಡಲದ್ದು. ರಾಜ್ಯಪಾಲರಿಗೆ ಸ್ವಂತವಾಗಿ ನಡೆಸುವ ಅಧಿಕಾರ ಇಲ್ಲ ಅಂತ ಬಾಬಾಸಾಹೇಬರೇ 1949ರಲ್ಲಿ ಸಂವಿಧಾನ ಸಭೆಯಲ್ಲಿ ಬಿಡಿಸಿ ಹೇಳಿದ್ದಾರೆ.

ರಾಚಯ್ಯನವರೇನು ಬರೀ ಕೂತು ಎದ್ದವರಲ್ಲ. 1977ರಲ್ಲಿ ಇಲ್ಲಿಂದಲೇ ಲೋಕಸಭೆಗೆ ಗೆದ್ದವರು, ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಮಂತ್ರಿಯಾಗಿದ್ದವರು. ಅಂಥವರು ಇನ್ನೊಂದು ರಾಜ್ಯದ ಶೋಭೆಗೆ ಆಗ್ತಾರೆ, ಸ್ವಂತ ರಾಜ್ಯದ ಆಡಳಿತಕ್ಕೆ ಯಾಕಾಗಲ್ಲ? 1956ರಲ್ಲಿ ರಾಜ್ಯ ಒಂದಾಯಿತು. ಅಲ್ಲಿಂದ ಒಬ್ಬ ದಲಿತನೂ ಮುಖ್ಯಮಂತ್ರಿ ಆಗಿಲ್ಲ. ಬಸವಲಿಂಗಪ್ಪನವರಂಥವರೂ ಮಂತ್ರಿಗಿರಿಗೇ ನಿಂತರು.

ಇನ್ನೊಂದು ಮಾತು. 2004ರಲ್ಲಿ ಸಂತೆಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ರಾಚಯ್ಯನವರ ಮಗ ಒಂದೇ ಒಂದು ವೋಟಿನಿಂದ ಸೋತರು. ಗೆದ್ದ ಧ್ರುವನಾರಾಯಣರೂ ನಮ್ಮವರೇ. ಮೀಸಲು ಕ್ಷೇತ್ರದಲ್ಲಿ ನಾವು ನಾವೇ ಒಂದು ವೋಟಿಗೆ ಬಡಿದಾಡ್ತೀವಿ. ಪಕ್ಕದ ಗುಂಡ್ಲುಪೇಟೆ ಸಾಮಾನ್ಯ ಕ್ಷೇತ್ರ. ಅಲ್ಲಿ ಬೆರಳಿಗೆ ಮಸಿ ಹಚ್ಚಿಸಿಕೊಂಡು ಸುಮ್ಮನೆ ಮನೆಗೆ ಬರ್ತೀವಿ. ಅಲ್ಲಿ ಟಿಕೆಟ್ ಕೊಡಿ ಅಂತ ನಾವು ಯಾವ ಪಕ್ಷದ ಬಾಗಿಲು ತಟ್ಟಿದ್ದೀವಿ, ಹೇಳಿ?