ಊರು ಕಟ್ಟುವವರು ಮೊದಲು ತಿಪ್ಪೆಬಾಗಿಲು ನೋಡಲಿ



ನೀಲಗಿರಿಯ ನಮ್ಮ ಪೇಟೆಯ ಮುನಿಸಿಪಾಲಿಟಿಗೆ ನಿಲ್ಲಲು ಹೊರಟಿರುವ ಮಹನೀಯರೊಬ್ಬರ ನೋಟೀಸು ಲೈನು ಮನೆಗಳ ಬಾಗಿಲಿಗೂ ಬಂದಿದೆ. ಒಳ್ಳೆಯ ಕಾಗದ, ಒಳ್ಳೆಯ ಬಣ್ಣ. ಗೆದ್ದರೆ ಮೊದಲು ಮಾಡುವ ಕೆಲಸಗಳು ಮೂರಂತೆ: ಪ್ರವಾಸಿಗರ ಕಾರು ನಿಲ್ಲಿಸಲು ಜಾಗ, ಪಾರ್ಕಿನಲ್ಲಿ ಬಣ್ಣದ ಕಾರಂಜಿ, ಊರ ಬಾಗಿಲಿಗೆ ದೊಡ್ಡ ಕಮಾನು. ಎರಡು ಸಾರಿ ಓದಿದೆ. ಕಕ್ಕಸು ಎಂಬ ಮಾತೇ ಇಲ್ಲ. ನೀರು ಎಂಬ ಮಾತು ಕಾರಂಜಿಯ ಸಂಗಡ ಮಾತ್ರ ಬಂದಿದೆ.

‘ನಮಗೇನು, ನಮ್ಮ ಓಟು ಪಂಚಾಯತಿಯಲ್ಲಿ’ ಎಂದು ಕೆಲವರು ಹೇಳುತ್ತಾರೆ. ಅದು ಅರ್ಧ ಸತ್ಯ. ಪೇಟೆಯ ಗಡಿಯೊಳಗೇ ಬಿದ್ದಿರುವ ಲೈನುಗಳಿವೆ. ತೋಟ ಬಿಟ್ಟು ಪೇಟೆಯ ಅಂಚಿನಲ್ಲಿ ಮನೆ ಮಾಡಿದ ನಮ್ಮ ಮಕ್ಕಳಿದ್ದಾರೆ. ಉಳಿದವರಿಗೂ ಅಕ್ಕಿ, ಔಷಧಿ, ಕಂಬಳಿ, ಎಲ್ಲಕ್ಕೂ ಆ ಪೇಟೆಯೇ ಗತಿ.

ಬಟವಾಡೆಯಾದ ಮೇಲಿನ ಭಾನುವಾರ ಆರಾಧನೆ ಮುಗಿಸಿ ಸಾಮಾನಿಗೆಂದು ಪೇಟೆಗೆ ಇಳಿಯುವ ನಮ್ಮ ಹೆಂಗಸರು ಬೆಳಿಗ್ಗೆಯಿಂದ ಒಂದು ಲೋಟ ನೀರು ಕುಡಿಯುವುದಿಲ್ಲ. ಕುಡಿದರೆ ಎಲ್ಲಿಗೆ ಹೋಗುವುದು? ಬಸ್ ಸ್ಟ್ಯಾಂಡಿನಲ್ಲಿರುವುದರ ಬಾಗಿಲಿಗೆ ಚಿಲಕವಿಲ್ಲ, ಒಳಗೆ ನೀರಿಲ್ಲ, ಹೊರಗೆ ಕಾಸು ಕೇಳುವವನು ಮಾತ್ರ ಇದ್ದಾನೆ. ತಾಯಂದಿರು ಇದನ್ನು ಸಭೆಯಲ್ಲಿ ಎದ್ದು ಹೇಳಲು ನಾಚುತ್ತಾರೆ. ನಾಚಬೇಕಾದವರು ಅವರಲ್ಲ, ಆದುದರಿಂದ ನಾನೇ ಬರೆಯುತ್ತಿದ್ದೇನೆ.

ತೋಟದೊಳಗೆ ಕುಡಿಯುವ ನೀರು, ಕಕ್ಕಸು, ಮನೆ ಕೊಡಬೇಕೆಂಬ ಹೊಣೆಯನ್ನು 1951ರ ಪ್ಲಾಂಟೇಷನ್ ಲೇಬರ್ ಆಕ್ಟ್ ಮಾಲೀಕರ ಮೇಲೆ ಹೊರಿಸಿತು. ಎಷ್ಟು ಕೊಟ್ಟರು ಎಂಬುದು ಬೇರೆ ಜಗಳ. ತೋಟದ ಗೇಟು ದಾಟಿದ ಮೇಲೆ ಹೊಣೆ ಯಾರದು? ಅದಕ್ಕೂ ಉತ್ತರವಿದೆ. 1992ರ 74ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 12ನೆಯ ಅನುಸೂಚಿ ಸೇರಿತು. ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳನ್ನು ಅಲ್ಲಿ 18 ಬಾಬುಗಳಾಗಿ ಬರೆದಿದೆ. ನೀರು 5ನೆಯದು. ಆರೋಗ್ಯ, ನೈರ್ಮಲ್ಯ, ಕಸ 6ನೆಯದು. ಕೊಳೆಗೇರಿಗಳ ಸುಧಾರಣೆ 10ನೆಯದು. ಸ್ಮಶಾನ 14ನೆಯದು. ಇನ್ನು 17ನೆಯದನ್ನು ನೋಡಿರಿ: ಬೀದಿ ದೀಪ, ವಾಹನ ನಿಲ್ಲಿಸುವ ಜಾಗ, ಬಸ್ ಸ್ಟಾಪು, ಸಾರ್ವಜನಿಕ ಕಕ್ಕಸು, ಎಲ್ಲವೂ ಒಂದೇ ಸಾಲಿನಲ್ಲಿವೆ! ನಮ್ಮ ಮಹನೀಯರು ಆ ಸಾಲಿನಲ್ಲಿ ಕಾರಿನ ಜಾಗ ಕಂಡ ಕೂಡಲೇ ಓದುವುದನ್ನು ನಿಲ್ಲಿಸಿದ್ದಾರೆ.

ಪ್ರವಾಸಿಗರು ಬರಬಾರದೆಂದು ನಾನು ಹೇಳುವುದಿಲ್ಲ. ಅವರಿಂದ ನಮ್ಮ ಹುಡುಗರಿಗೂ ನಾಲ್ಕು ಕಾಸು ಸಿಗುತ್ತದೆ. ಆದರೆ ಯಾವುದು ಮೊದಲು?

ನಿವೃತ್ತರಾದವರು ಲೈನು ಮನೆ ಬಿಡಬೇಕಾಗುತ್ತದೆ. ಅವರ ಕೈಯ ಹಣಕ್ಕೆ ಸಿಗುವುದು ಇಳಿಜಾರಿನಲ್ಲಿ, ಚರಂಡಿಯಿಲ್ಲದ ಕಡೆ, ಮಣ್ಣು ಕಡಿದು ಮಾಡಿದ ತುಂಡು ಜಾಗ. 2009ರ ನವೆಂಬರ್ ಮಳೆಯಲ್ಲಿ ಈ ಜಿಲ್ಲೆಯ ಗುಡ್ಡಗಳು ಜರಿದು 40ಕ್ಕೂ ಹೆಚ್ಚು ಜನ ಸತ್ತರು. 2024ರ ಜುಲೈ 30ರ ನಸುಕಿನಲ್ಲಿ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್ಮಲೆಯಲ್ಲಿ ತೋಟದ ಲೈನುಗಳೇ ಕೊಚ್ಚಿಹೋದವು. ನೀರು ಹರಿದುಹೋಗಲು ದಾರಿ, ಕುಸಿಯುವ ದಿಬ್ಬಕ್ಕೆ ತಡೆಗೋಡೆ, ಮನೆ ಕಟ್ಟಬಾರದ ಕಡೆ ಬಡವನಿಗೆ ಜಾಗ ಮಾರುವವನಿಗೆ ತಡೆ, ಇವೆಲ್ಲ ಕಮಾನಿಗಿಂತ ಹಿಂದೆ ಬರುವ ಕೆಲಸಗಳೇ?

ಸತ್ಯವೇದದ ನೆಹೆಮೀಯನನ್ನು ನೆನೆಯಿರಿ. ಅವನು ಅರಸನ ಪಾನಸೇವಕನಾಗಿದ್ದವನು, ಅಪ್ಪಣೆ ಪಡೆದು ಬಂದವನು. ಆದರೂ ಯೆರೂಸಲೇಮಿಗೆ ಬಂದ ಕೂಡಲೇ ಭಾಷಣ ಮಾಡಲಿಲ್ಲ. ಮೂರು ದಿನ ಸುಮ್ಮನಿದ್ದು, ರಾತ್ರಿ ಕೆಲವೇ ಜನರೊಂದಿಗೆ ಹೊರಟು, ತಿಪ್ಪೆಬಾಗಿಲ ಕಡೆಗೂ ಹೋಗಿ, ಬಿದ್ದ ಗೋಡೆಗಳನ್ನು ತಾನೇ ನೋಡಿದನು. ಆಮೇಲೆ ಬಾಯಿ ತೆರೆದನು. ಗೋಡೆ ಅರ್ಧಕ್ಕೆ ಬಂದಾಗ ಸಾಲಕ್ಕೆ ಹೊಲ ಮಕ್ಕಳನ್ನು ಒತ್ತೆಯಿಟ್ಟ ಬಡವರು ಕೂಗಿಕೊಂಡರು. ಮೊದಲು ಗೋಡೆ ಮುಗಿಯಲಿ ಎಂದು ಅವನು ಹೇಳಲಿಲ್ಲ. ಸಾಲ ಕೊಟ್ಟ ದೊಡ್ಡವರನ್ನು ಸಭೆ ಕರೆದು ಕೇಳಿ, ಒತ್ತೆಯಿಟ್ಟದ್ದನ್ನು ಹಿಂದಕ್ಕೆ ಕೊಡಿಸಿದನು. ಅಧಿಪತಿಗೆ ಸಲ್ಲುವ ಆಹಾರದ ಭತ್ಯೆಯನ್ನು ಹನ್ನೆರಡು ವರ್ಷ ತಾನು ಮುಟ್ಟಲಿಲ್ಲ. ನಮ್ಮ ಕೌನ್ಸಿಲರುಗಳಿಂದ ಅಷ್ಟನ್ನು ಕೇಳುವಷ್ಟು ವಿಶ್ವಾಸ ನನಗಿಲ್ಲ. ತಿಪ್ಪೆಯ ಕಡೆ ಒಂದು ಸಾರಿ ಬಂದರೆ ಸಾಕು.

ಕಸದ ಗಾಡಿ ತಳ್ಳುವವರೂ ಚರಂಡಿಗೆ ಇಳಿಯುವವರೂ ನಮ್ಮ ಸಭೆಯ ಬೆಂಚಿನಲ್ಲಿಯೇ ಕುಳಿತುಕೊಳ್ಳುತ್ತಾರೆ. ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಅವರ ಕೈಗವಸು, ಬೂಟು, ಕಾಯಂ ಕೆಲಸ, ಇವು ನೋಟೀಸಿನ ಯಾವ ಮೂಲೆಯಲ್ಲಿವೆ?

ಮುಂದಿನ ಭಾನುವಾರ ಆರಾಧನೆಯ ನಂತರ ನಮ್ಮನ್ನು ಕಾಣಲು ಬರುವುದಾಗಿ ಮಹನೀಯರು ಹೇಳಿಕಳುಹಿಸಿದ್ದಾರೆ. ಸಭಾಮಂದಿರಕ್ಕೆ ಬರುವುದು ಬೇಡವೆಂದು ಉತ್ತರ ಕೊಟ್ಟಿದ್ದೇವೆ. ಅಂದು ಸಂಜೆ ಐದು ಗಂಟೆಗೆ ತಾಯಂದಿರೆಲ್ಲ ಬಸ್ ಸ್ಟ್ಯಾಂಡಿನಲ್ಲಿ, ಚಿಲಕವಿಲ್ಲದ ಆ ಬಾಗಿಲ ಎದುರು ನಿಂತಿರುತ್ತಾರೆ. ಅವರು ಅಲ್ಲಿಗೇ ಬರಲಿ.